ಹತ್ತನೆಯ ಕಾರು

11 ಫೆಬ್ರವರಿ

ಭಾವನವರಿಗೆ,

ಈ ಪೆಟ್ಟಿಗೆಯಲ್ಲಿ ಎರಡು ಹಿಂದಿನ ದೀಪ, ಆರು ಫ್ಯಾನ್ ಬೆಲ್ಟ್, ಒಂದು ಬಲಗಡೆಯ ಕನ್ನಡಿ ಇವೆ. ಕನ್ನಡಿ ಕೇಳಿ ನಾಲ್ಕು ತಿಂಗಳಾಯಿತು, ಹಡಗು ಬಂದದ್ದು ಮೊನ್ನೆ. ನಿಮ್ಮೂರಿನ ಹಲ್ಲಿನ ಡಾಕ್ಟರು ಇಷ್ಟು ದಿನ ಹೆಂಡತಿಯ ಕೈಗನ್ನಡಿಯನ್ನು ದಾರದಲ್ಲಿ ಕಟ್ಟಿಕೊಂಡು ಕಾರು ಓಡಿಸುತ್ತಿದ್ದಾರೆ ಅಂತ ಬರೆದಿದ್ದಿರಿ. ಅವರಿಗಿಂತ ಮೊದಲು ಅವರ ಹೆಂಡತಿಯ ಕ್ಷಮೆ ಕೇಳಿ, ನನ್ನ ಪರವಾಗಿ. ಪೆಟ್ಟಿಗೆಯನ್ನು ಎಂದಿನಂತೆ ಲಾರಿಯಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಾಗದ ಇಲ್ಲದೆ ಬಿಡಿಭಾಗದ ಪೆಟ್ಟಿಗೆ ಕಳಿಸಬಾರದು ಅನ್ನುವುದು ಅಪ್ಪನ ಕಟ್ಟಪ್ಪಣೆ. ಅಪ್ಪ ಹೋಗಿ ಹನ್ನೊಂದು ವರ್ಷ, ಅಕ್ಕ ಹೋಗಿ ಆರು ವರ್ಷ. ನಾವಿಬ್ಬರು ಮಾತ್ರ ಇನ್ನೂ ಅದನ್ನು ಮೀರಿಲ್ಲ. ಫೋನಿನಲ್ಲಿ ನೀವು "ಹೂಂ, ಹೂಂ" ಅಂತ ಎರಡು ಸಲ ಅಂದು ಇಟ್ಟುಬಿಡುತ್ತೀರಿ, ಕಾಗದದಲ್ಲಿ ಮಾತ್ರ ಬಾಯಿ ಬಿಡುತ್ತೀರಿ. ಅದಕ್ಕೇ ನಿಮ್ಮೂರಿನ ಕಾರುಗಳಿಗೆ ಆಗಾಗ ಏನಾದರೂ ಸಣ್ಣಪುಟ್ಟದ್ದು ಕೆಡುತ್ತಿರಲಿ ಅಂತ ಹಾರೈಸುವವಳು ನಾನು.

ಈಗ ಮುಖ್ಯ ವಿಷಯ. ಆಮದು ಕಂಪನಿಯಿಂದ ಪತ್ರ ಬಂದಿದೆ. ಈ ವರ್ಷದ ಕೊನೆಯೊಳಗೆ ನನ್ನ ಶೋರೂಮಿನಲ್ಲಿ ಹತ್ತು ಕಾರು ಮಾರಬೇಕಂತೆ. ಒಂದು ಕಡಿಮೆಯಾದರೂ ಒಪ್ಪಂದ ರದ್ದು. ಹೋದ ವರ್ಷ ಮಾರಿದ್ದು ಆರು. ಶಾಖೆಯಲ್ಲಿ ಮಾರಿದ್ದನ್ನು ಸೇರಿಸುವಂತಿಲ್ಲ ಅಂತಲೂ ಬರೆದಿದ್ದಾರೆ, ಅದು ಯಾವ ನ್ಯಾಯವೋ. ಒಪ್ಪಂದ ನನ್ನ ಹೆಸರಿನಲ್ಲಿದೆ, ನಿಮ್ಮದು ಅದರ ಶಾಖೆ. ನನ್ನ ಬಾಗಿಲು ಮುಚ್ಚಿದರೆ ನಿಮ್ಮದೂ ಮುಚ್ಚಿದ ಹಾಗೆ. ಹಾಗಾಗಲು ಬಿಡುವುದಿಲ್ಲ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಕಷ್ಟ ಏನು ಅಂತ ನಿಮಗೆ ಗೊತ್ತೇ ಇದೆ. ಹೋದ ವಾರ ಒಬ್ಬರು ಬಂದಿದ್ದರು. ಸಣ್ಣ ಕಾರಿಗೆ ಮೂರು ಸುತ್ತು, ದೊಡ್ಡ ಕಾರಿಗೆ ಎರಡು ಸುತ್ತು ಹಾಕಿ, "ಬೇರೆ ಏನಿದೆ?" ಅಂದರು. "ಇವೆರಡೇ ಸಾರ್" ಅಂದೆ. ಮೆಟ್ಟಿಲ ಕೆಳಗೆ ಇನ್ನೂ ನಾಲ್ಕು ಬಚ್ಚಿಟ್ಟಿದ್ದೇನೋ ಅನ್ನುವ ಹಾಗೆ ನನ್ನ ಬೆನ್ನ ಹಿಂದೆ ಇಣುಕಿದರು. ಕಾಫಿ ಕುಡಿದು ಎದುರಿನ ಶೋರೂಮಿಗೆ ಹೋದರು. ಅಲ್ಲಿ ಹನ್ನೊಂದು ಮಾಡೆಲ್ಲು, ಹದಿನಾಲ್ಕು ಬಣ್ಣ. ನಮ್ಮಲ್ಲಿ ಬಿಳಿ, ಬೂದಿ, ನೀಲಿ. ನಮ್ಮ ಕಾಫಿ ಬಹಳ ಚೆನ್ನಾಗಿದೆ ಅಂತ ಎದುರಿನ ಶೋರೂಮಿನ ಗಿರಾಕಿಗಳೆಲ್ಲ ಹೊಗಳುತ್ತಾರೆ.

ಆದರೂ ಜನವರಿಯಲ್ಲಿ ಒಂದು ಹೋಯಿತು. ಅಪ್ಪನ ಹಾಗೆಯೇ ಗಿರಾಕಿಯ ಪಕ್ಕದ ಸೀಟಿನಲ್ಲಿ ಕೂತು, ಅವರ ಮನೆಯ ಗೇಟಿನ ತನಕ ಹೋಗಿ, ಕಾರು ಒಳಗೆ ನಿಂತ ಮೇಲೆ ಬಸ್ಸು ಹಿಡಿದು ಬಂದೆ. "ಕಾರನ್ನ ಮನೆ ಸೇರಿಸಿ ಬರಬೇಕು, ಅಂಗಡಿ ಬಾಗಿಲಲ್ಲಿ ಕೈಬಿಡಬಾರದು" ಅಂತ ಅಪ್ಪ ಹೇಳುತ್ತಿದ್ದರಲ್ಲ. ಎದುರಿನವರಿಗೆ ಇದೆಲ್ಲ ತಮಾಷೆಯಾಗಿ ಕಾಣುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತ ನನ್ನನ್ನು ನೋಡಿ ಅವರ ಸೇಲ್ಸ್ ಹುಡುಗಿ, "ಯಾಕೆ ಮೇಡಂ, ನಿಮ್ಮ ಕಾರು ಕೈಕೊಟ್ಟಿತಾ?" ಅಂತ ಕೇಳಿದಳು.

ಶಾಖೆ ಹೇಗಿದೆ ಬರೆಯಿರಿ.

ನಿಮ್ಮ ನಾದಿನಿ


3 ಮಾರ್ಚ್

ಗಿಡ್ಡಿಗೆ,

ಹಳೆಯ ಎರಡು ಕ್ಲಚ್ ಪ್ಲೇಟು ವಾಪಸ್ ಕಳಿಸಿದ್ದೇನೆ, ನಿಮ್ಮ ಗ್ಯಾರೇಜಿನ ಮೇಸ್ತ್ರಿ ಅದಕ್ಕೆ ಹೊಸ ಮುಖ ಹಾಕಿಸುತ್ತಾರೇನೋ ಕೇಳು. ಕನ್ನಡಿ ಕೂತಿತು. ಡಾಕ್ಟರಿಗೆ ಈಗ ಹೆಂಡತಿಯ ಕನ್ನಡಿಯೇ ಅಭ್ಯಾಸವಾಗಿಬಿಟ್ಟಿದೆಯಂತೆ. ಹೊಸದರಲ್ಲಿ ಹಿಂದಿನ ಲಾರಿಗಳು ಚಿಕ್ಕದಾಗಿ ಕಾಣುತ್ತವೆ, ಭಯವೇ ಆಗುವುದಿಲ್ಲ ಅನ್ನುತ್ತಾರೆ.

ಶಾಖೆ ಚೆನ್ನಾಗಿದೆ. ನೀಲಿ ಕಾರನ್ನು ಗಾಜಿನ ಪಕ್ಕ ನಿಲ್ಲಿಸಿದ್ದೇನೆ. ಸಾಯಂಕಾಲ ಐದು ಗಂಟೆಗೆ ಬಿಸಿಲು ಅದರ ಬಾನೆಟ್ಟಿನ ಮೇಲೆ ಬಿದ್ದು, ಅಲ್ಲಿಂದ ಜಾರಿ, ನಿನ್ನ ಅಕ್ಕ ಕೂರುತ್ತಿದ್ದ ಮೇಜಿನ ತನಕ ಬರುತ್ತದೆ. ಮೇಜನ್ನು ಸರಿಸಿಲ್ಲ.

ಹತ್ತು ಕಾರಿನ ವಿಷಯ ಓದಿದೆ. ನಿನ್ನ ಅಕ್ಕ ಇದ್ದಿದ್ದರೆ ಹತ್ತನ್ನು ಆರೇ ತಿಂಗಳಲ್ಲಿ ಮಾರಿಬಿಡುತ್ತಿದ್ದಳು. ಅವಳು ಮಾರುತ್ತಿದ್ದ ರೀತಿ ನೆನಪಿದೆಯಾ? ಗಿರಾಕಿ ಕೇಳುವ ಮೊದಲೇ ಕಾರಿನ ದೋಷಗಳನ್ನೆಲ್ಲ ಹೇಳುತ್ತಿದ್ದಳು. "ಹಿಂದಿನ ಸೀಟಲ್ಲಿ ಮೂರು ಜನ ಕೂತ್ರೆ ಇಬ್ಬರು ಜಗಳ ಆಡ್ತಾರೆ. ಲೋಟ ಇಡೋಕೆ ಜಾಗ ಇಲ್ಲ. ಬಾಗಿಲು ಸರಿಯಾಗಿ ಹಾಕದಿದ್ರೆ ಕಾರು ಅದರ ದೇಶದ ಭಾಷೇಲಿ ಬೈಯತ್ತೆ, ಏನಂತ ಬೈಯತ್ತೆ ನಮಗೂ ಗೊತ್ತಿಲ್ಲ" ಅನ್ನುತ್ತಿದ್ದಳು. ಮಾವನವರು ಒಳಗಿನ ಕೋಣೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. ಗಿರಾಕಿಗಳು ಮುಂಗಡ ಕೊಟ್ಟು ಹೋಗುತ್ತಿದ್ದರು.

ನಾನೇ ಹಾಗೆ ಸಿಕ್ಕಿಬಿದ್ದವನು. ನಿನಗಾಗ ಒಂಬತ್ತು ವರ್ಷ, ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ. ಕೊಳ್ಳುವ ತಾಕತ್ತು ನನಗಿರಲಿಲ್ಲ, ಸುಮ್ಮನೆ ನೋಡಲು ಒಳಗೆ ಬಂದಿದ್ದೆ. ಎಂಜಿನ್ನಿನ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದೆ. ಅವಳು ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ, "ನಿಮಗೆ ಕಾರು ಬೇಕಾ, ಪರೀಕ್ಷೆ ಪಾಸಾಗಬೇಕಾ?" ಅಂದಳು. ನೀನು ಹಿಂದಿನ ಸೀಟಿನಿಂದ ಕಿಸಕ್ಕನೆ ನಕ್ಕೆ. ಆ ನಗುವಿಗೆ ಇನ್ನೂ ನಿನ್ನನ್ನು ಕ್ಷಮಿಸಿಲ್ಲ.

ಭಾವ


19 ಜೂನ್

ಭಾವನವರಿಗೆ,

ಪೆಟ್ಟಿಗೆಯಲ್ಲಿ ಹೊಸ ಮುಖದ ಕ್ಲಚ್ ಪ್ಲೇಟು ಎರಡು, ವೈಪರ್ ನಾಲ್ಕು. ಇಷ್ಟು ತಡವಾದದ್ದಕ್ಕೆ ಕಾರಣ ಇದೆ, ಗಾಬರಿಯಾಗದೆ ಓದಿ. ಏಪ್ರಿಲ್ ಕೊನೆಯಲ್ಲಿ ಶೋರೂಮಿನ ಇಳಿಜಾರಿನಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡೆ. ದೊಡ್ಡ ಕಾರನ್ನು ತೊಳೆದ ನೀರು ಇನ್ನೂ ಆರಿರಲಿಲ್ಲ. ನಮ್ಮನೆಯವರು ಲೈಬ್ರರಿಗೆ ಎರಡು ವಾರ ರಜೆ ಹಾಕಿ ನನ್ನನ್ನು ನೋಡಿಕೊಂಡರು. ಮೂವತ್ತು ವರ್ಷದಿಂದ ಸೈಕಲ್ ಬಿಟ್ಟು ಬೇರೆ ಏನನ್ನೂ ಓಡಿಸದ ಮನುಷ್ಯ, "ನೋಡು, ನಾನು ಹೇಳ್ಲಿಲ್ವಾ, ಕಾರು ಅಪಾಯ" ಅಂತ ದಿನಕ್ಕೊಂದು ಸಲ ಹೇಳುವುದನ್ನು ಮರೆಯಲಿಲ್ಲ.

ಈಗ ಕೋಲು ಹಿಡಿದು ನಡೆಯುತ್ತೇನೆ. ಬಸ್ಸು ಹತ್ತುವುದಕ್ಕೆ ಮಾತ್ರ ಡಾಕ್ಟರು ಬಿಡುತ್ತಿಲ್ಲ. ಹಾಗಾಗಿ ಗಿರಾಕಿಯ ಮನೆ ತನಕ ಮೇಸ್ತ್ರಿಯೇ ಹೋಗಿ ಬರುತ್ತಾರೆ. ದಾರಿಯುದ್ದಕ್ಕೂ ಗಿರಾಕಿಗೆ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ ಅಂತ ಪಾಠ ಮಾಡುತ್ತಾರಂತೆ. ಒಬ್ಬರು ಫೋನ್ ಮಾಡಿ, "ಕಾರು ಚೆನ್ನಾಗಿದೆ ಮೇಡಂ, ಜೊತೆಗೆ ಬಂದ ಮೇಷ್ಟ್ರನ್ನ ಮಾತ್ರ ಇನ್ನೊಂದು ಸಲ ಕಳಿಸಬೇಡಿ" ಅಂದರು.

ಅರ್ಧ ವರ್ಷ ಮುಗಿಯುತ್ತಾ ಬಂತು, ಮಾರಿದ್ದು ನಾಲ್ಕು. ಸುಳ್ಳು ಹೇಳುವುದಿಲ್ಲ, ಭಯವಾಗುತ್ತಿದೆ. ಅಪ್ಪ ಕಟ್ಟಿದ್ದನ್ನು ಮುಚ್ಚಿದವಳು ಅನ್ನಿಸಿಕೊಂಡು ಬದುಕುವುದು ನನ್ನಿಂದ ಆಗದು. ಹೇಗಾದರೂ ಉಳಿಸಿಕೊಳ್ಳುತ್ತೇನೆ. ನಿಮ್ಮ ಶಾಖೆಯೂ ಇದನ್ನೇ ನಂಬಿಕೊಂಡಿದೆಯಲ್ಲ.

ಎದುರಿನ ಕಂಪನಿಯ ದೊಡ್ಡವರೊಬ್ಬರು ಮೊನ್ನೆ ಬಂದು, ಕಾಲು ಹೇಗಿದೆ ಅಂತ ಕೇಳಿ, ಅರ್ಧ ಗಂಟೆ ಕೂತು ಹೋದರು. ಏನು ಎತ್ತ ಅಂತ ಆಮೇಲೆ ಬರೆಯುತ್ತೇನೆ.

ನಿಮ್ಮ ನಾದಿನಿ


2 ಜುಲೈ

ಗಿಡ್ಡಿಗೆ,

ಮೊಣಕಾಲು ಮುರಿದು ಎರಡು ತಿಂಗಳಾದ ಮೇಲೆ ಗಾಬರಿಯಾಗಬೇಡಿ ಅಂತ ಬರೆಯುತ್ತೀಯಲ್ಲ, ನಿನಗೇನು ಹೇಳಲಿ. ಫೋನ್ ಮಾಡಿದ್ದರೆ ಹೂಂ ಅಂತಲಾದರೂ ಅನ್ನುತ್ತಿದ್ದೆ.

ಈ ಸಲ ಪೆಟ್ಟಿಗೆ ಇಲ್ಲ, ಕಾರೇ ಬರುತ್ತಿದೆ. ನೀಲಿ ಕಾರನ್ನು ಲಾರಿಯಣ್ಣನ ಲಾರಿಯ ಮೇಲೆ ಹತ್ತಿಸಿದ್ದೇನೆ, ಈ ಕಾಗದ ಅದರ ಮುಂದಿನ ಸೀಟಿನಲ್ಲಿದೆ. ಗಾಜಿನ ಪಕ್ಕ ನಿಂತು ನಿಂತು ಬಿಸಿಲಿಗೆ ಬಣ್ಣ ಮಾಸುತ್ತಿದೆ. ಇಲ್ಲಿ ನೋಡುವವರೂ ಕಡಿಮೆ. ನಿನ್ನಲ್ಲಿದ್ದರೆ ಹತ್ತರಲ್ಲಿ ಒಂದಾಗಿ ಹೋದೀತು.

ಧೈರ್ಯವಾಗಿರು. ಆರು ಕಾರು ಏನು ಮಹಾ. ಎಲ್ಲಿಂದಲೋ ಗಿರಾಕಿಗಳು ಬರುತ್ತಾರೆ. ಕಾಲನ್ನು ಮಾತ್ರ ಎತ್ತಿ ಇಟ್ಟುಕೊಂಡು ಕೂರು.

ಭಾವ


28 ಆಗಸ್ಟ್

ಭಾವನವರಿಗೆ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ಗಿರಾಕಿ ಬಂದರು. ಎಂಥ ಗಿರಾಕಿ ಅಂತೀರಿ. ಕಟ್ಟಡದ ಗುತ್ತಿಗೆದಾರ. ಒಳಗೆ ಬಂದವರೇ ಸಣ್ಣ ಕಾರನ್ನು ತೋರಿಸಿ, "ಇದು ಕೊಡಿ" ಅಂದರು. ಬೇರೆ ಏನಿದೆ ಅಂತ ಕೇಳಲಿಲ್ಲ. ನನಗೇ ಅನುಮಾನ ಬಂದು, ಅಕ್ಕನ ಹಾಗೆ, ಲೋಟ ಇಡಲು ಜಾಗವಿಲ್ಲ ಅಂದೆ. "ನಾನು ಲೋಟ ಹಿಡ್ಕೊಂಡು ಓಡಾಡಲ್ಲಮ್ಮ" ಅಂದರು. ಮೇಸ್ತ್ರಿ ಜೊತೆಗೆ ಹೋಗಿ ಬಂದರು. ಮನೆ ಹೇಗಿದೆ ಅಂತ ಕೇಳಿದರೆ, "ದೊಡ್ಡ ಗೇಟು" ಅಂದು ಎಂಜಿನ್ನಿನೊಳಗೆ ತಲೆ ಹಾಕಿದರು.

ನಿಮ್ಮ ನೀಲಿ ಕಾರಿಗೂ ದಂಪತಿಗಳಿಬ್ಬರು ಓಡಾಡುತ್ತಿದ್ದಾರೆ, ಅವರ ಸಂಬಂಧಿಕರೊಬ್ಬರು ಬಿಳಿಯದನ್ನು ಕೇಳುತ್ತಿದ್ದಾರೆ. ಆದರೆ ನೀಲಿ ಕಾರಿನ ಬಣ್ಣ ಎಲ್ಲಿ ಮಾಸಿದೆ ಅಂತ ನಾನು ಭೂತಗನ್ನಡಿ ಹಿಡಿದು ಹುಡುಕಿದೆ. ಎಲ್ಲೂ ಕಾಣಲಿಲ್ಲ. ನಿಮಗೆ ವಯಸ್ಸಾಯಿತು ಭಾವ, ಕಣ್ಣು ತೋರಿಸಿಕೊಳ್ಳಿ.

ಕಾರಿಲ್ಲದ ಶೋರೂಮು ಬಿಕೋ ಅನ್ನುತ್ತಿರಬೇಕು. ಬೂದಿ ಬಣ್ಣದ್ದೊಂದು ಕಳಿಸಲಾ? ಪೆಟ್ಟಿಗೆಯಲ್ಲಿ ಬ್ರೇಕ್ ಪ್ಯಾಡು ಎಂಟು.

ನಿಮ್ಮ ನಾದಿನಿ


10 ಸೆಪ್ಟೆಂಬರ್

ಗಿಡ್ಡಿಗೆ,

ಕಾರು ಕಳಿಸಬೇಡ. ನಿನ್ನಲ್ಲೇ ಇರಲಿ. ಬ್ರೇಕ್ ಪ್ಯಾಡು ಸೇರಿತು, ಬದಲಿಗೆ ಹಳೆಯ ಕಾರ್ಬುರೇಟರ್ ಒಂದನ್ನು ಕಳಿಸಿದ್ದೇನೆ.

ಶೋರೂಮು ಬಿಕೋ ಅನ್ನುವುದಿಲ್ಲ. ಬಾಗಿಲು ತೆಗೆದ ತಕ್ಷಣ ಎಡಗಡೆಯ ನಾಲ್ಕನೆಯ ಟೈಲು ಅಲ್ಲಾಡುತ್ತದೆ. ಅದನ್ನು ತುಳಿದರೆ ಟಕ್ ಅನ್ನುತ್ತದೆ, ಆ ಶಬ್ದ ಕೇಳಿಯೇ ನಿನ್ನ ಅಕ್ಕ ತಲೆ ಎತ್ತುತ್ತಿದ್ದಳು. ಕಂಬದ ಮೇಲೆ ಸೊಂಟದ ಎತ್ತರಕ್ಕೆ ಬೂದಿ ಬಣ್ಣದ ಗೀರು ಇದೆ. ನೀನು ಹದಿನೇಳನೆಯ ವಯಸ್ಸಿನಲ್ಲಿ ಎರಡು ದಿಂಬು ಹಾಕಿಕೊಂಡು ಕೂತು ಕಾರನ್ನು ಹಿಂದಕ್ಕೆ ತೆಗೆದಾಗ ಆದದ್ದು. ನೀನು ಇಳಿದು ಓಡಿಹೋದೆ. ಮಾವನವರು ಬಂದಾಗ ಅವಳು, "ನಾನೇ ಅಪ್ಪ" ಅಂದಳು. ಮೂರು ದಿನ ಬೈಸಿಕೊಂಡಳು. ಇದು ನಿನಗೆ ಗೊತ್ತಿತ್ತೋ ಇಲ್ಲವೋ. ಆ ಗೀರಿಗೆ ಬಣ್ಣ ಹೊಡೆಯಲು ಅವಳು ಯಾವತ್ತೂ ಬಿಡಲಿಲ್ಲ.

ಅವಳ ಮೇಜಿನ ಡ್ರಾಯರು ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು.

ಭಾವ


30 ಅಕ್ಟೋಬರ್

ಭಾವ,

ಒಂಬತ್ತು! ಒಂಬತ್ತು ಆಯಿತು! ನೀಲಿ ಕಾರಿನ ದಂಪತಿ, ಅವರ ಸಂಬಂಧಿಕರು, ಆಮೇಲೆ ಈ ತಿಂಗಳು ಇಬ್ಬರು. ಒಬ್ಬರು ನಿವೃತ್ತ ಗುಮಾಸ್ತರು, ಇನ್ನೊಬ್ಬರು ಹೊಲಿಗೆ ಅಂಗಡಿಯವರು. ಇಬ್ಬರೂ ಚೌಕಾಸಿ ಮಾಡಲಿಲ್ಲ. ಇಬ್ಬರೂ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ, ಅಷ್ಟು ಅವಸರ. ನಮ್ಮ ಕಾರಿಗೆ ಇದ್ದಕ್ಕಿದ್ದ ಹಾಗೆ ಇಷ್ಟು ಬೇಡಿಕೆ ಯಾಕೆ ಬಂತು ಅಂತ ನಮ್ಮನೆಯವರು ಕೇಳುತ್ತಾರೆ. ನಾನು ಮಾರುವ ಚಾಕಚಕ್ಯತೆ ಅಂದೆ. ಕನ್ನಡಕದ ಮೇಲಿಂದ ನೋಡಿದರು, ಅಷ್ಟೆ.

ಕಂಬದ ಗೀರಿನ ವಿಷಯ ನನಗೆ ಗೊತ್ತಿರಲಿಲ್ಲ. ಅಪ್ಪ ಗಮನಿಸಲೇ ಇಲ್ಲ ಅಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ. ಓದಿ ಮುಗಿಸಿ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಆ ಕಂಬದ ಒಂದು ಫೋಟೋ ತೆಗೆದು ಕಳಿಸಿ ಭಾವ. ಅದರ ಪಕ್ಕ ನೀವೂ ನಿಂತಿರಬೇಕು.

ಪೆಟ್ಟಿಗೆಯಲ್ಲಿ ಸ್ಪಾರ್ಕ್ ಪ್ಲಗ್ಗು.

ಗಿಡ್ಡಿ


12 ನವೆಂಬರ್

ಗಿಡ್ಡಿಗೆ,

ನನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ. ಫೋಟೋ ಇನ್ನೊಮ್ಮೆ ನೋಡೋಣ.

ಹತ್ತನೆಯದೂ ಬರುತ್ತದೆ. ಖಾಲಿ ಪೆಟ್ಟಿಗೆಗಳನ್ನು ವಾಪಸ್ ಕಳಿಸಿದ್ದೇನೆ, ಮುಂದಕ್ಕೆ ಬೇಕಾಗುತ್ತವೆ.

ಭಾವ


14 ಡಿಸೆಂಬರ್

ಭಾವನವರಿಗೆ,

ಪೆಟ್ಟಿಗೆಯಲ್ಲಿ ಒಂದೇ ಒಂದು ಸ್ಕ್ರೂ ಇದೆ. ಅದು ಯಾವ ಕಾರಿನದ್ದೂ ಅಲ್ಲ. ಬರೆಯಬೇಕಿತ್ತು, ನೆಪ ಬೇಕಿತ್ತು.

ಹತ್ತನೆಯ ಕಾರು ಮೊನ್ನೆ ಮಾರಿದೆ. ಕೊಂಡವಳು ಒಬ್ಬ ನರ್ಸು, ಇಪ್ಪತ್ತೈದಿರಬಹುದು. ಮೇಸ್ತ್ರಿಗೆ ಮೂರು ದಿನದಿಂದ ಜ್ವರ. ನನ್ನ ಕಾಲು ಈಗ ವಾಸಿಯಾಗಿದೆ, ಹತ್ತನೆಯ ಕಾರು ಬೇರೆ, ನಾನೇ ಹೋಗುತ್ತೇನೆ ಅಂತ ಪಕ್ಕದ ಸೀಟಿನಲ್ಲಿ ಕೂತೆ. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಹೊಸ ಕಾರಿನ ಭಯ ಅಂದುಕೊಂಡು, "ನಿಧಾನ ಹೋಗಮ್ಮ, ನಾನಿದೀನಿ" ಅಂದೆ. ಊರ ಹೊರಗಿನ ಗೋದಾಮುಗಳ ರಸ್ತೆ ಬಂದಾಗ, "ಆಂಟಿ, ಇಲ್ಲೇ ಇಳೀರಿ, ಬಸ್ ಸಿಗತ್ತೆ" ಅಂದಳು. ಇಲ್ಲ, ಗೇಟಿನ ತನಕ ಬರುವುದು ನಮ್ಮ ಪದ್ಧತಿ ಅಂದೆ. ಇನ್ನೂ ಎರಡು ಸಲ ಅಂದಳು. ನಾನು ಅಪ್ಪನ ಮಗಳು, ಇಳಿಯಲಿಲ್ಲ.

ಗೇಟು ತೆಗೆದದ್ದು ಲಾರಿಯಣ್ಣ. ಅವನಿಗೊಬ್ಬಳು ಮಗಳಿದ್ದಾಳೆ ಅಂತ ಗೊತ್ತಿತ್ತು, ನೋಡಿರಲಿಲ್ಲ. ಈ ನರ್ಸೇ ಅವಳು. ನನ್ನನ್ನು ನೋಡಿ ಅವನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಶೆಡ್ಡಿನೊಳಗೆ ಸಾಲಾಗಿ ಮೂರು ಕಾರು, ಮೇಲೆ ಬಟ್ಟೆ ಹೊದಿಸಿತ್ತು. ನಾನೇ ಹೋಗಿ ಬಟ್ಟೆ ಎಳೆದೆ. ಗುತ್ತಿಗೆದಾರರ ಕಾರು. ಗುಮಾಸ್ತರ ಕಾರು. ಹೊಲಿಗೆ ಅಂಗಡಿಯವರ ಕಾರು. ಸೀಟಿನ ಪ್ಲಾಸ್ಟಿಕ್ಕನ್ನೂ ಯಾರೂ ಕಿತ್ತಿರಲಿಲ್ಲ.

"ಯಾರದು ಇದು?" ಅಂದೆ. ಲಾರಿಯಣ್ಣ ಮಗಳ ಮುಖ ನೋಡಿದ, ಮಗಳು ನೆಲ ನೋಡಿದಳು. ಕೊನೆಗೆ, "ನಿಮ್ ಭಾವನವರದ್ದೇ ಅಮ್ಮ. ನಾವು ಹೆಸರು ಕೊಟ್ಟಿದ್ದು ಅಷ್ಟೆ. ಅಲ್ಲಿನ ಶೋರೂಮು ಮಾರಿದ್ರಲ್ಲ ಜುಲೈನಲ್ಲಿ, ಆ ದುಡ್ಡು. ಈಗ ಅಲ್ಲಿ ಸೋಫಾ ಮಾರ್ತಾರೆ" ಅಂದ.

ಬಸ್ಸಿನಲ್ಲಿ ಕೂತು ನಿಮ್ಮ ಸೆಪ್ಟೆಂಬರಿನ ಕಾಗದ ನೆನಪು ಮಾಡಿಕೊಂಡೆ. ಟೈಲು, ಗೀರು, ಡ್ರಾಯರು. ಆಗ ಅದೆಲ್ಲ ನಿಮ್ಮ ಕೈಬಿಟ್ಟು ಎರಡು ತಿಂಗಳಾಗಿತ್ತು. ಎಲ್ಲಿ ಕೂತು ಬರೆದಿರಿ ಭಾವ? ಅಕ್ಕನ ಮೇಜು ಎಲ್ಲಿದೆ? ನನಗೆ ಎಷ್ಟು ಕೋಪ ಬಂದಿದೆ ಅಂದರೆ ಪೆನ್ನು ಚುಚ್ಚಿ ಎರಡು ಸಲ ಕಾಗದ ಹರಿಯಿತು. ಮೇಸ್ತ್ರಿಯ ಮನೆಗೆ ಹೋಗಿ ಜ್ವರದಲ್ಲಿದ್ದವರನ್ನೇ ಎಬ್ಬಿಸಿ ಕೇಳಿದೆ. "ನಂಗೆ ಕಾರಿನ ಕಷ್ಟ ತಿಳಿಯತ್ತೆ ಅಮ್ಮ, ದೊಡ್ಡವರ ವಿಷಯ ತಿಳಿಯಲ್ಲ" ಅಂತ ಗೋಡೆ ಕಡೆ ತಿರುಗಿ ಮಲಗಿದರು.

ಈಗ ನನ್ನದನ್ನೂ ಕೇಳಿ. ಜೂನಿನಲ್ಲಿ ಎದುರಿನ ಕಂಪನಿಯವರು ಬಂದದ್ದು ನನ್ನ ಮೊಣಕಾಲು ನೋಡಲು ಅಲ್ಲ. ಅವರ ಕಾರುಗಳನ್ನು ಇದೇ ಕಟ್ಟಡದಲ್ಲಿ ಇಟ್ಟು ಮಾರಲು ಕರೆದರು. ಒಳ್ಳೆಯ ಕರೆ. ನನಗೆ ಒಪ್ಪಿಕೊಳ್ಳುವ ಆಸೆ ಇತ್ತು ಭಾವ. ಇವೆರಡೇ ಸಾರ್, ಇವೆರಡೇ ಸಾರ್ ಅಂತ ಹೇಳಿ ಹೇಳಿ ಸಾಕಾಗಿದೆ ನನಗೆ. ಬೇಡ ಅಂದದ್ದು ನಿಮಗೋಸ್ಕರ. ಒಪ್ಪಂದ ಹೋದರೆ ಶಾಖೆ ಹೋಗುತ್ತದೆ, ಶಾಖೆ ಹೋದರೆ ಭಾವನಿಗೆ ಏನು ಉಳಿಯುತ್ತದೆ ಅಂತ. ಅಪ್ಪ ಕಟ್ಟಿದ್ದು, ಮುಚ್ಚಲಾರೆ ಅಂತೆಲ್ಲ ಬರೆದೆನಲ್ಲ, ಅದು ನಿಮಗೆ ಧೈರ್ಯವಿರಲಿ ಅಂತ ಬರೆದ ಮಾತು. ನೀವು ಅದನ್ನೇ ನಿಜ ಅಂತ ಹಿಡಿದುಕೊಂಡು ಇದ್ದದ್ದನ್ನೆಲ್ಲ ಮಾರಿಬಿಟ್ಟಿರಿ.

ಯಾಕೆ ಹೀಗೆ ಮಾಡಿದಿರಿ? ಹೂಂ ಅಂತ ಬರೆಯಬೇಡಿ. ಸರಿಯಾಗಿ ಬರೆಯಿರಿ.

ಗಿಡ್ಡಿ


27 ಡಿಸೆಂಬರ್

ಗಿಡ್ಡಿಗೆ,

ಲಾರಿಯಣ್ಣನನ್ನೂ ಮೇಸ್ತ್ರಿಯನ್ನೂ ಬೈಯಬೇಡ. ನಾನು ಕಾಡಿ ಬೇಡಿ ಒಪ್ಪಿಸಿದ್ದು.

ನಿನ್ನ ಪ್ರಶ್ನೆಗೆ ಎರಡು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಮಾವನವರ ಋಣ ಅಂತ ಬರೆದಿದ್ದೆ. ಎರಡನೆಯದರಲ್ಲಿ ನಿನ್ನ ಕಷ್ಟ ನೋಡಲಾರದೆ ಅಂತ ಬರೆದಿದ್ದೆ. ಎರಡೂ ಚೆನ್ನಾಗಿದ್ದವು, ಪೂರ್ತಿ ನಿಜವಾಗಿರಲಿಲ್ಲ.

ನಿಜ ಇಷ್ಟು. ಒಪ್ಪಂದ ಹೋದರೆ ಹಡಗು ನಿಲ್ಲುತ್ತದೆ. ಹಡಗು ನಿಂತರೆ ಬಿಡಿಭಾಗ ಬರುವುದಿಲ್ಲ, ನೀನು ಪೆಟ್ಟಿಗೆ ಕಳಿಸುವುದಿಲ್ಲ, ಕಾಗದವೂ ಬರುವುದಿಲ್ಲ. ನಮಗೆ ಮಕ್ಕಳಿಲ್ಲ. ನಿನ್ನ ಅಕ್ಕ ಹೋದ ಮೇಲೆ ನೀನು ನನಗೆ ಕಾಗದ ಬರೆಯಬೇಕಾದ ಕಾರಣ ಆ ಪೆಟ್ಟಿಗೆ ಒಂದೇ ಅಂದುಕೊಂಡಿದ್ದೆ. ಈ ಊರಿನಲ್ಲಿ ಅವಳ ವಿಷಯ ತೆಗೆದರೆ ಜನ ಅಯ್ಯೋ ಪಾಪ ಅಂತ ಮಾತು ಬದಲಾಯಿಸುತ್ತಾರೆ. ಅವಳು ಹೇಗೆ ಜಗಳ ಆಡುತ್ತಿದ್ದಳು, ಹೇಗೆ ಮಾವನವರ ಬಾಯಿ ಮುಚ್ಚಿಸುತ್ತಿದ್ದಳು ಅಂತ ಮಾತಾಡಲು ನನಗೆ ಉಳಿದವಳು ನೀನೊಬ್ಬಳೇ. ಬೆಲ್ಟು, ಪ್ಲಗ್ಗುಗಳಲ್ಲಿ ಅರ್ಧ ನನಗೆ ಬೇಕಾಗಿಯೇ ಇರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಮೂವತ್ತೆರಡು ಫ್ಯಾನ್ ಬೆಲ್ಟುಗಳಿವೆ.

ಶೋರೂಮು ಮಾರಿದಾಗ ದುಃಖವಾಗಲಿಲ್ಲ ಅಂದರೆ ಸುಳ್ಳು. ಹಿಂದಿನ ಶೆಡ್ಡು, ಅದರ ಮೇಲಿನ ಕೋಣೆ ಉಳಿಸಿಕೊಂಡಿದ್ದೇನೆ. ಮೇಜು ಈ ಕೋಣೆಯಲ್ಲೇ ಇದೆ, ಅದರ ಮೇಲೇ ಬರೆಯುತ್ತಿದ್ದೇನೆ. ಬಿಸಿಲು ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಸೋಫಾ ನೋಡುವ ನೆಪದಲ್ಲಿ ಮುಂದಿನ ಬಾಗಿಲಿನಿಂದ ಒಳಗೆ ಹೋದೆ. ಆ ಟೈಲನ್ನು ತುಳಿದೆ. ಟಕ್ ಅಂದಿತು, ಒಬ್ಬ ಹುಡುಗಿ ತಲೆ ಎತ್ತಿ, "ಏನು ಬೇಕಿತ್ತು ಸಾರ್?" ಅಂದಳು. ಏನೂ ಇಲ್ಲ ಅಂದು ಬಂದೆ. ಕೋಣೆಗೆ ಬಂದು ನಿನಗೆ ಆ ಕಾಗದ ಬರೆದೆ. ಕಂಬಕ್ಕೆ ಬಣ್ಣ ಹೊಡೆದಿದ್ದರು, ಅದನ್ನು ಮಾತ್ರ ಬರೆಯಲು ಕೈ ಬರಲಿಲ್ಲ.

ನಿನಗೆ ಎದುರಿನವರಿಂದ ಕರೆ ಬಂದದ್ದು ಗೊತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಒಪ್ಪಿಕೋ. ನನ್ನ ಕಾರಣಕ್ಕೆ ನೀನು ಇಷ್ಟು ದಿನ ಸೋತದ್ದು ಸಾಕು. ಪೆಟ್ಟಿಗೆ ಬರದಿದ್ದರೆ ಹೊಂದಿಕೊಳ್ಳುತ್ತೇನೆ. ನಾಲ್ಕು ಕಾರನ್ನು ನೀನು ಹೇಗೆ ಬೇಕೋ ಹಾಗೆ ಮಾಡು.

ಭಾವ


9 ಜನವರಿ

ಭಾವ,

ನಿಮ್ಮ ಕಾಗದವನ್ನು ನಮ್ಮನೆಯವರಿಗೆ ಓದಿ ಹೇಳಲು ಕೂತೆ. ಅರ್ಧಕ್ಕೆ ಕಾಗದವನ್ನು ಅವರ ಕೈಗೆ ಕೊಟ್ಟೆ, ಉಳಿದದ್ದನ್ನು ಅವರು ಓದಿದರು. ಮೂವತ್ತೆರಡು ಬೆಲ್ಟಿನ ಜಾಗ ಬಂದಾಗ ಅವರೂ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ಕಾಗದ ಬರೆಯಲು ನನಗೆ ಪೆಟ್ಟಿಗೆ ಬೇಕು ಅಂದುಕೊಂಡಿರಲ್ಲ, ಅದಕ್ಕೆ ನನಗೆ ಕೋಪಕ್ಕಿಂತ ನಾಚಿಕೆಯಾಯಿತು. ಆರು ವರ್ಷದಲ್ಲಿ ಒಂದು ಸಲವೂ ಸುಮ್ಮನೆ ಬರೆದವಳಲ್ಲ ನಾನು. ತಪ್ಪು ನನ್ನದೂ ಇದೆ. ಅಕ್ಕನ ಬಗ್ಗೆ ಬರೆದರೆ ನಿಮಗೆ ನೋವಾಗುತ್ತದೆ ಅಂತ ಹೆದರಿ, ವೈಪರು, ಪ್ಲಗ್ಗು ಅಂತ ಬರೆಯುತ್ತಿದ್ದೆ. ನಿಮ್ಮ ಕಾಗದದಲ್ಲಿ ಅಕ್ಕ ಬಂದರೆ ಅದನ್ನೇ ನಾಲ್ಕು ಸಲ ಓದುತ್ತಿದ್ದೆ.

ಹತ್ತು ಕಾರಿಗೆ ಆಮದು ಕಂಪನಿಯಿಂದ ಅಭಿನಂದನೆಯ ಪತ್ರ ಬಂದಿತ್ತು. ನಾಲ್ಕು ಕಾರು ಮನೆಯೊಳಗೇ ಮಾರಿಕೊಂಡದ್ದು, ಒಪ್ಪಂದ ಮುಂದುವರಿಸುವುದು ಬೇಡ ಅಂತ ಉತ್ತರ ಹಾಕಿದೆ. ಎದುರಿನವರಿಗೆ ಒಪ್ಪಿಗೆ ಕೊಟ್ಟೆ. ಒಂದು ಷರತ್ತು ಹಾಕಿದೆ, ಅವರು ಒಪ್ಪಿದರು. ಹಿಂದಿನ ಗ್ಯಾರೇಜು ನಮ್ಮದೇ. ನಾವು ಮಾರಿದ ಮುನ್ನೂರಕ್ಕೂ ಹೆಚ್ಚು ಕಾರುಗಳು ಇನ್ನೂ ರಸ್ತೆಯಲ್ಲಿವೆ, ಅವುಗಳನ್ನು ಅಲ್ಲಿ ರಿಪೇರಿ ಮಾಡುತ್ತೇವೆ. ಮೇಸ್ತ್ರಿಯ ಕಣ್ಣು ಮಂಜಾಗಿದೆ, ಒಬ್ಬರ ಕೈಯಲ್ಲಿ ಆಗುವುದಿಲ್ಲ. ಆ ನಾಲ್ಕು ಕಾರನ್ನೂ ನಿಜವಾದ ಗಿರಾಕಿಗಳಿಗೆ ನಿಧಾನವಾಗಿ ಮಾರಬೇಕು. ದೋಷ ಹೇಳಿ ಮಾರುವವರು ಬೇಕು.

ಇದೆಲ್ಲ ಕೆಲಸದ ಮಾತಾಯಿತು. ಇನ್ನೊಂದಿದೆ. ಮುಂದಿನ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಹಳೆಯ ಬೋರ್ಡನ್ನು ಇಳಿಸಲು ಏಣಿ ತಗೊಂಡು ಬರುತ್ತಾರೆ. ನಿಮ್ಮ ಮದುವೆಯಾದ ವರ್ಷ ಅಪ್ಪ ಹಾಕಿಸಿದ ಬೋರ್ಡು. ಅದು ಕೆಳಗೆ ಬರುವುದನ್ನು ನಾನು ಒಬ್ಬಳೇ ನಿಂತು ನೋಡಲಾರೆ. ನಮ್ಮನೆಯವರು ಪಕ್ಕದಲ್ಲಿರುತ್ತಾರೆ, ನಿಜ. ಆದರೆ ಅದು ಮೇಲೇರಿದ ದಿನ ಅಲ್ಲಿದ್ದವರಲ್ಲಿ ಉಳಿದಿರುವುದು ನೀವು, ನಾನು ಇಬ್ಬರೇ.

ಸೋಮವಾರವೇ ಬನ್ನಿ ಭಾವ. ಅಪ್ಪನ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಮೇಜನ್ನು ಲಾರಿಯಣ್ಣ ತರುತ್ತಾನೆ, ಹೇಳಿದ್ದೇನೆ. ನೀವು ವಾಪಸ್ ಟಿಕೆಟ್ ಮಾತ್ರ ತೆಗೆಸಬೇಡಿ.

ಗಿಡ್ಡಿ